ಏಳನೇ ಹೊಲ

ಅಕ್ಟೋಬರ್ ಬಂತು ಅಂದರೆ ನಮ್ಮ ವಾಲ್ಡೆಕ್ ಕೌಂಟಿಯಲ್ಲಿ
ಬಿತ್ತಿದವರಿಗೂ ಹಣ ಬಿತ್ತು,
ಬಿತ್ತದವರಿಗೂ ಹಣ ಬಿತ್ತು.
ಇಪ್ಪತ್ತಾರು ವರ್ಷ ಆ ಕೊಳಾಯಿಯ ಪಕ್ಕ ಕೂತವಳು ನಾನು.
ಕೈ ಒದ್ದೆಯಾಗಲಿಲ್ಲ.
ಯಾರ ಮನೆಗೆ ಎಷ್ಟು, ಎಲ್ಲ ಗೊತ್ತು;
ಭಾನುವಾರ ಚರ್ಚಿನಲ್ಲಿ ಕಾಣಿಕೆ ತಟ್ಟೆ ಸುತ್ತುವಾಗ
ಯಾರ ಕೈಯನ್ನೂ ನೋಡದೆ
ಚಾವಣಿ ನೋಡುವುದನ್ನು ಕಲಿತೆ.

ಕೆಲಸ ಸರಳ. ಆಕಾಶದಿಂದ ತೆಗೆದ ಫೋಟೋ,
ಅದರ ಮೇಲೆ ಕೆಂಪು ಗೆರೆ, ಗೆರೆಯೊಳಗೆ ಸಂಖ್ಯೆ.
ಗೋಧಿ ನಿಂತ ಹೊಲ, ಜೋಳ ಕೊಯ್ದ ಹೊಲ,
ಹತ್ತು ವರ್ಷ ಉಳುವುದಿಲ್ಲವೆಂದು
ಸಹಿ ಹಾಕಿ ಹುಲ್ಲಿಗೆ ಬಿಟ್ಟ ಹೊಲ.
ಲಿಯಾಂಡರ್ ಡ್ರೈಲಿಂಗ್ ಕೌಂಟರಿನ ಮೇಲೆ ಟೊಪ್ಪಿಗೆ ಇಟ್ಟು
‘ಈ ವರ್ಷ ಏನೂ ಬೆಳೆಯದೇ ಇರೋದು
ಭರ್ಜರಿಯಾಗಿ ಬಂದಿದೆ ನೋಡಿ’ ಅಂತ ನಗುತ್ತಿದ್ದ.
ಡಾಲಸ್ಸಿನ ಹಲ್ಲಿನ ಡಾಕ್ಟರೊಬ್ಬರಿಗೆ
ಮೂರು ಹೆಸರಿನಲ್ಲಿ ಮೂರು ಪಾಲು;
ಮಣ್ಣಿನ ಬಣ್ಣ ಕೇಳಿದರೆ ಅವರ ವಕೀಲರು ಹೇಳುತ್ತಾರೆ.
ಅದೆಲ್ಲ ಕಾನೂನಿನ ಪ್ರಕಾರ ಸರಿಯಿತ್ತು.
ನಾನೇ ನೋಡಿದ್ದೇನೆ, ಎರಡು ಸಲ.

ಆ ವರ್ಷ ಹೊಸ ಫೋಟೋಗಳು ಬಂದವು, ಬಹಳ ನಿಚ್ಚಳ,
ನೀರಿನ ತೊಟ್ಟಿಯ ಬಳಿ ಮಲಗಿದ ನಾಯಿ ಕಾಣುವಷ್ಟು.
ಕ್ಲಾಟಿಲ್ಡಾ ವಾಸಿಂಗರಳ ಏಳನೇ ಹೊಲ,
ನಲವತ್ತೊಂದು ಎಕರೆ ಬರೀ ಹುಲ್ಲು.
ಅದರ ಈಶಾನ್ಯ ಮೂಲೆಯಲ್ಲಿ
ಹನ್ನೊಂದು ಸಣ್ಣ ನೆರಳು, ಸಾಲಾಗಿ,
ಕೂಡುವ ಲೆಕ್ಕದ ಚಿಹ್ನೆಯ ಹಾಗೆ.

ಶನಿವಾರ ಕಾರು ತೆಗೆದುಕೊಂಡು ಹೋದೆ.
ಎಂಬತ್ತೆಂಟರ ಮುದುಕಿ ಹುಲ್ಲಿನಲ್ಲಿ ಮೊಣಕಾಲೂರಿ
ಕಬ್ಬಿಣದ ಶಿಲುಬೆಗೆ ಬೆಳ್ಳಿ ಬಣ್ಣ ಬಳಿಯುತ್ತಿದ್ದಳು.
ವೋಲ್ಗಾ ದಂಡೆಯಿಂದ ಗೋಧಿ ಕಟ್ಟಿಕೊಂಡು
ಕ್ಯಾನ್ಸಸ್ಸಿಗೆ ಬಂದವರ ಮೊದಲ ಚಳಿಗಾಲ, ಗಂಟಲುಮಾರಿ.
ಹನ್ನೊಂದರಲ್ಲಿ ಒಂಬತ್ತು ಮಕ್ಕಳು.
ಕಮ್ಮಾರ ಒಂದೊಂದು ಶಿಲುಬೆಗೂ
ಬೇರೆ ಬೇರೆ ಬಳ್ಳಿ ಬಾಗಿಸಿದ್ದ.

‘ಮೊದಲೇ ಹೇಳಿದ್ದೆ’ ಅಂದಳು, ಕುಂಚ ಕೆಳಗಿಡದೆ.
‘ಎಂಬತ್ತಾರರಲ್ಲಿ ನಿಮ್ಮ ಕಚೇರಿಯ ಹುಡುಗ ಬಂದಿದ್ದ.
ಇಲ್ಲಿ ಮಕ್ಕಳಿದ್ದಾರಪ್ಪ ಅಂದೆ.
ಅಲ್ಲಿ ಉಳುತ್ತೀರಾ ಅಂತ ಕೇಳಿದ.
ಹೂತ ಜಾಗ ಯಾರಾದರೂ ಉಳುತ್ತಾರಾ ಅಂದೆ.
ಇಲ್ಲ, ಅಂತ ಬರೆದುಕೊಂಡ.’
ಸ್ವಲ್ಪ ಹೊತ್ತು ಬಿಟ್ಟು:
‘ಈ ಮೂಲೆ ಒಂದೂಮುಕ್ಕಾಲು ಎಕರೆ. ಅಳೆದಿದ್ದೇನೆ.
ಇದರ ಪಾಲು ವರ್ಷಕ್ಕೆ ಅರವತ್ತಾರು ಡಾಲರ್ ಐವತ್ತು ಸೆಂಟ್.
ಎರಡು ಡಬ್ಬಿ ಬಣ್ಣ, ಒಂದು ಕುಂಚ,
ಉಳಿದರೆ ಟರ್ಪೆಂಟೈನ್.’

ನಿಯಮದ ಪುಸ್ತಕದಲ್ಲಿ ಸ್ಮಶಾನಕ್ಕೆ ಒಂದು ಸಾಲಿದೆ,
ಬೆಳ್ಳಿ ಬಣ್ಣಕ್ಕಿಲ್ಲ.
ಪೆನ್ಸಿಲ್ ಚೂಪು ಮಾಡಿದೆ, ಮತ್ತೆ ಮಾಡಿದೆ,
ಮೊನೆ ಮುರಿಯಿತು, ಇನ್ನೊಂದು ಪೆನ್ಸಿಲ್ ತೆಗೆದೆ.
ಕಡೆಗೆ ಗೆರೆ ಎಳೆದೆ.
ಕಾಗದ ಬರೆದವಳೂ ನಾನೇ: ಹೆಚ್ಚಾಗಿ ಸಂದ ಹಣ,
ಬಡ್ಡಿ ಸಹಿತ, ಮೂವತ್ತು ದಿನದೊಳಗೆ.

ಒಂಬತ್ತನೇ ದಿನ ಚೆಕ್ ಬಂತು. ಲೆಕ್ಕ ಚೊಕ್ಕ.
ಯಾತಕ್ಕೆ ಎಂದು ಬರೆಯುವ ಸಣ್ಣ ಗೆರೆಯ ಮೇಲೆ
ನಡುಗುವ ಅಕ್ಷರ: ಮಕ್ಕಳ ಬಾಡಿಗೆ.
ಅಂಚಿನಲ್ಲೊಂದು ಬೆಳ್ಳಿಯ ಹೆಬ್ಬೆರಳು.

ಆ ಮಾತನ್ನು ತುಂಬಲು
ನಮ್ಮ ಕಂಪ್ಯೂಟರಿನಲ್ಲಿ ಮನೆಯಿಲ್ಲ.
ತಾರೀಖು ಹಾಕಿದೆ, ಮೊತ್ತ ಹಾಕಿದೆ.
ಸರಕಾರದ ಖಾತೆಗೆ ಹಣ
ಬಿತ್ತು.