ತೊಂಬತ್ತಾರು ಗಳಿಗೆ

ಅಮ್ಮನ ಪಂಚಾಂಗದಲ್ಲಿ ದಿನಕ್ಕೆ ಅರವತ್ತು ಗಳಿಗೆ.
ಐರೋಲಿಯ ನನ್ನ ಮೇಜಿನ ಮೇಲೆ ತೊಂಬತ್ತಾರು.
ಹದಿನೈದು ನಿಮಿಷಕ್ಕೊಂದು ಹೋಳು, ಹೋಳಿಗೊಂದು ದರ,
ಅಂಜಲ್ ಮೀನನ್ನು ಅಡ್ಡ ಕೊಯ್ದ ಹಾಗೆ:
ನಡುವಿನ ತುಂಡಿಗೆ ಹೆಚ್ಚು, ಬಾಲಕ್ಕೆ ಕಡಿಮೆ.

ಭಾವೂಚಾ ಧಕ್ಕಾದ ಹರಾಜಿನಲ್ಲಿ
ಮೂವತ್ತು ವರ್ಷ ಬೆಲೆ ಕೂಗಿದವಳು ಕಲ್ಯಾಣಿ ಕರ್ಕೇರ, ನನ್ನಮ್ಮ.
ಕೆಲಸಕ್ಕೆ ಸೇರಿದ ವಾರ ಕೇಳಿದಳು:
"ಕರೆಂಟಿನ ಹರಾಜು ಅಂತೀಯ, ಬುಟ್ಟಿ ಎಲ್ಲಿ?"
ಬುಟ್ಟಿ ಇಲ್ಲಮ್ಮ.
"ಉಳಿದದ್ದಕ್ಕೆ ಉಪ್ಪು ಹಾಕಿ ಒಣಗಿಸ್ತೀರಾ?"
ಒಣಗಿಸಲಾಗದು. ಹುಟ್ಟಿದ ಕ್ಷಣವೇ ಯಾರಾದರೂ ಉಣ್ಣಬೇಕು.
"ಹಾಗಾದ್ರೆ ಅದು ಮೀನಲ್ಲ ಮಗಾ, ಎದೆಹಾಲು."

ಹನ್ನೊಂದನೆಯ ಗಳಿಗೆ. ರಾತ್ರಿ ಎರಡೂವರೆ.
ಸಾತಾರೆಯ ಗುಡ್ಡದ ಮೇಲೆ ಆಗಸ್ಟಿನ ಗಾಳಿ ಪುಕ್ಕಟೆ ತಿರುಗುತ್ತಿದೆ,
ಮುಂಬಯಿ ಅಪರೂಪಕ್ಕೆ ಮಗ್ಗುಲಾಗಿದೆ.
ಪಂಕ್ತಿಯಲ್ಲಿ ಅಗ್ಗದವರೇ ಮೊದಲು ಕೂರಬೇಕು, ಇದು ಈಗಿನ ಕಟ್ಟಳೆ.
ಹಿಂದೆ ಹೀಗಿರಲಿಲ್ಲವಂತೆ.
ಮನೆಮಕ್ಕಳು ಮೊದಲು, ಅವರುಂಡ ಮೇಲೆ ನೆಂಟರು,
ಎಲೆಯಲ್ಲಿ ಎಷ್ಟು ಬಿಟ್ಟರೆಂದು ಯಾರೂ ನೋಡುತ್ತಿರಲಿಲ್ಲ,
ಸೋರಿದ್ದಕ್ಕೆಲ್ಲ ಲೆಕ್ಕದ ಪುಸ್ತಕದಲ್ಲಿ ಒಂದೇ ಹೆಸರು: ಪಂಪ್‌ಸೆಟ್ಟು.
ಈಗ ನೋಡುತ್ತೇವೆ. ಪೈಸೆ ಪೈಸೆ ನೋಡುತ್ತೇವೆ.
ಒಳ್ಳೆಯದೇ. ನಾನು ಅಲ್ಲಗಳೆಯುವುದಿಲ್ಲ.

ಫೋನೆತ್ತಿ ಹೇಳುತ್ತೇನೆ:
ಖರಾತ್, ಎರಡನೇ ಯೂನಿಟ್ಟು ಐವತ್ತೈದಕ್ಕೆ ಇಳಿಸಿ.
ಆ ತುದಿಯಲ್ಲಿ ಬಾಯ್ಲರಿನ ಮೊರೆತ,
ಅದರ ಹಿಂದೆ ಉಮಾಜಿ ಖರಾತನ ಕೆಮ್ಮು.
"ಮೇಡಂ, ತುಂಬು ಉಸಿರಲ್ಲಿ ಓಡೋಳಿಗಿಂತ
ಅರ್ಧ ಉಸಿರಲ್ಲಿ ತೆವಳೋಳಿಗೆ ಹಸಿವು ಜಾಸ್ತಿ.
ಯೂನಿಟ್ಟಿಗೆ ಐವತ್ತು ಗ್ರಾಂ ಕಲ್ಲಿದ್ದಲು ಹೆಚ್ಚು ತಿಂತಾಳೆ ಇವಳು.
ನಿಮ್ಮ ಪಂಕ್ತಿಯಲ್ಲಿ ಅದಕ್ಕೊಂದು ಕಾಲಂ ಇದೆಯಾ?"

ಇದೆ, ಖರಾತ್. ಪರಿಹಾರದ ಕಾಲಂ.
ತಿಂಗಳ ಕೊನೆಗೆ, ಕಣ್ಣು ಕಿರಿದು ಮಾಡಿದರೆ ಕಾಣುತ್ತದೆ.
ಇಳಿದು ಏರಿ, ಏರಿ ಇಳಿದು ಬಿರಿದ ಕೊಳವೆಗಳಿಗೆ ಇಲ್ಲ.
ನಿನ್ನ ಕೆಮ್ಮಿಗೂ.

ಹಗಲಿನ ಪಾಳಿಯಾದರೆ ಬೇರೆ ಕತೆ.
ಮಧ್ಯಾಹ್ನ ಒಂದಕ್ಕೆ ಸೂರ್ಯ
ತನ್ನ ಸರಕನ್ನೆಲ್ಲ ಧಕ್ಕೆಗೆ ಸುರಿದು ದರ ಕೆಡಿಸುತ್ತಾನೆ,
ಸಂಜೆ ಹೇಳದೆ ಕೇಳದೆ ಎದ್ದು ಹೋಗುತ್ತಾನೆ.
ಎಪ್ಪತ್ತೇಳನೆಯ ಗಳಿಗೆ, ನಮ್ಮ ರಾಹುಕಾಲ:
ದಾದರಿನಿಂದ ದಹಿಸರಿನವರೆಗೆ ಎಲ್ಲರ ಬೆರಳು ಒಟ್ಟಿಗೆ ಸ್ವಿಚ್ಚಿಗೆ ಹೋಗಿ
ದರ ಹತ್ತು ರೂಪಾಯಿಯ ಸೂರಿಗೆ ತಲೆ ಬಡಿಯುತ್ತದೆ.
ಆಗ ತೆವಳುತ್ತಿದ್ದವಳಿಗೆ ಓಡು ಎನ್ನುತ್ತೇವೆ.

ಕೊನೆಯ ಬುಟ್ಟಿ ಎಷ್ಟಕ್ಕೆ ಹೋಯಿತೋ
ಮೊದಲನೆಯದಕ್ಕೂ ಅಷ್ಟೇ ಕೊಡಬೇಕು ಎಂದಾಗ ಅಮ್ಮ,
"ಧಕ್ಕೆಯಲ್ಲಾಗಿದ್ರೆ ಚಪ್ಪಲಿ ಬೀಳ್ತಿತ್ತು" ಅಂದಳು.
ಬಂಗುಡೆಯ ಕಿವಿರು ತೆಗೆಯುತ್ತ ತುಸು ತಡೆದು,
"ಆದ್ರೆ ಸುಳ್ಳು ಬೆಲೆ ಕೂಗೋರು ಕಮ್ಮಿಯಾಗ್ತಿದ್ರು."

ಏಳರ ಲೋಕಲ್ಲು ಹಿಡಿದು, ಠಾಣೆಯಲ್ಲಿ ಬದಲಿಸಿ,
ಘಾಟ್ಕೋಪರಿನ ಮೆಟ್ಟಿಲು ಹತ್ತುವಾಗ
ನೆರೆಯ ಶಿರ್ಸಾಟ್ ಹೊಸ ಮೀಟರು ಒರೆಸುತ್ತಿದ್ದಾನೆ.
ಕಂಪನಿ ಬದಲಿಸಿದನಂತೆ. ತಿಂಗಳಿಗೆ ಎಂಬತ್ತು ರೂಪಾಯಿ ಉಳಿತಾಯ.
ತಂತಿ ಮಾತ್ರ ಹಳೆಯ ಕಂಪನಿಯದೇ,
ಗೂಟಕ್ಕೆ ಕಾಗೆ ಕೂತದ್ದೂ ಹಳೆಯದೇ.
"ನಿಮಗೆ ಗೊತ್ತಿರಬೇಕು, ಈಗ ನನ್ನ ಬಲ್ಬಿಗೆ ಬರೋದು ಯಾರ ಕರೆಂಟು?"
ಯಾರದೂ ಅಲ್ಲ, ಎಲ್ಲರದೂ ಎನ್ನಬೇಕು.
ನಿದ್ದೆಗಣ್ಣಲ್ಲಿ, ಖರಾತನದು ಅಂದುಬಿಟ್ಟೆ.
ಅವನು ಹೊಸ ಕಂಪನಿಯ ಹೆಸರೆಂದುಕೊಂಡ.

ಮಲಗಿದರೆ ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತದೆ.
ಐವತ್ತೋ, ಐವತ್ತಕ್ಕೆ ಎರಡೆಳೆ ಕಡಿಮೆಯೋ,
ಈ ಶ್ರುತಿ ಹಿಡಿಯಲು ಕಿವಿ ಸಾಲದು, ಆದರೂ ಕೊಡುತ್ತೇನೆ.
ಒಳಗೆ ಅಮ್ಮ ಅರಿಶಿನ ಸವರಿಟ್ಟ ಬಂಗುಡೆ.

ಕೂಡಿಡಲಾಗದ್ದು
ಅದನ್ನು ಕೆಡದಂತೆ ಇಟ್ಟಿದೆ.