ಶುದ್ಧಪ್ರತಿ

ನನ್ನ ಅಕ್ಷರ ದುಂಡಗಿದ್ದವು, ಅದಕ್ಕೇ ಕರೆಸಿದರು.
ಪ್ರಾಂತ ಸಾಹೇಬರ ಚೌಕಶಿ, ಮೂರು ದಿನ,
ಬಾಗಲಕೋಟೆ ಮಾಮಲೇದಾರ ಕಚೇರಿಯ ಪಡಸಾಲೆಯಲ್ಲಿ.
ಸಾಕ್ಷಿ ಕನ್ನಡದಲ್ಲಿ, ಕಾಗದ ಇಂಗ್ಲಿಷಿನಲ್ಲಿ,
ನಡುವೆ ನಾನು, ನನ್ನ ಮಸಿಕುಡಿಕೆ.

ಹನ್ನೊಂದು ದಿನ ಜಿನ್ನಿನ ಗಿರಣಿಯ ಭೋಂಗಾ ಊದಿರಲಿಲ್ಲ.
ಅರಳೆಯ ಅಂಡಿಗೆ ಚಕ್ಕಡಿಯ ಮೇಲೇ ಮಂಜು ಕುಡಿದು
ತೂಕ ಏರಿಸಿಕೊಂಡಿದ್ದವು.
ಆರಾಣೆ ಕೂಲಿ ನಾಲ್ಕೂವರೆ ಆಣೆಗೆ ಇಳಿದದ್ದಕ್ಕೆ
ಹೆಂಗಸರು ಗೇಟಿನ ಮುಂದೆ ಕುಂತಿದ್ದರು,
ಮೂಗು ಬಾಯಿಗೆ ಅರಿವೆ ಕಟ್ಟಿಕೊಂಡೇ.
ಧೂಳು ಇರಲಿಲ್ಲ. ರೂಢಿ.

ವಿಜಾಪುರದಿಂದ ರೈಲಿನಲ್ಲಿ ಹತ್ತು ಬಂದೂಕು ಬಂದವು.

ಹುಲಿಗೆವ್ವ ಹೇಳಿದಳು:
‘ಮುಂಜಾನಿಂದ ಕುಂತಿದ್ವಿರಿ, ಕಾಲು ಜೋಮು ಹಿಡಿದಿದ್ವು.
ಎದ್ವಿ. ಎದ್ದ ಕೂಡ್ಲೇ ಹಾರಿಸಿದ್ರು.’
ಇಂಗ್ಲಿಷಿನಲ್ಲಿ ಒಂದು ಶಬ್ದ ಇದೆ,
ಎದ್ದರೂ ಅದೇ, ದಂಗೆ ಎದ್ದರೂ ಅದೇ.
ಸಾಹೇಬರು ನನ್ನ ಕಡೆ ನೋಡಲಿಲ್ಲ.
ಫೌಜದಾರ ನೋಡಿದ.
ಜೋಮಿಗೆ ಶಬ್ದ ಸಿಗಲಿಲ್ಲ ಅಂದುಕೊಂಡು ಬಿಟ್ಟೆ.
ಸಿಕ್ಕಿತ್ತು.

ಸತ್ತವರು ಮೂವರು ಎಂದು ಬರೆದೆ.
ಆಸ್ಪತ್ರೆಯಲ್ಲಿ ಆರನೆಯ ದಿನ ಹೋದ ಖಾಜಾಬಿಗೆ
ಜ್ವರ ಎಂದು ಬೇರೆ ಕಾಲಮ್ಮು.

ವರದಿ ಮುಂಬೈಗೆ ಹೋಯಿತು, ಅಚ್ಚಾಯಿತು,
ಧಾರವಾಡದ ಯಾವುದೋ ವಾರಪತ್ರಿಕೆಗೆ ಸಿಕ್ಕು
ಮತ್ತೆ ಕನ್ನಡವಾಗಿ ಊರಿಗೆ ಬಂತು:
‘ಹೆಂಗಸರು ದಂಗೆ ಎದ್ದರು, ಅವರಲ್ಲೊಬ್ಬಳೇ ಒಪ್ಪಿದ್ದಾಳೆ.’

ಪೇಟೆ ಮುಚ್ಚಿತು.
ಡಂಗುರದವ ಬಂದು ಸಾರಿದ:
ಐದು ಜನ ಕೂಡಬಾರದು,
ಹೆಚ್ಚಿನ ಪೋಲೀಸರ ಖರ್ಚಿಗೆ ಮನೆಗೆ ಹನ್ನೆರಡಾಣೆ.
ಜನ ನಾಲ್ಕು ನಾಲ್ಕಾಗಿ ನಿಂತು ನಕ್ಕರು.
ಫೌಜದಾರನ ಬಟ್ಟೆಗಂಟನ್ನು ಮಡಿವಾಳ ಹಾಗೇ ತಂದಿಟ್ಟ,
‘ಹೊಳಿಯಾಗ ನೀರಿಲ್ರಿ’ ಅಂತ.
ಘಟಪ್ರಭೆ ಅವನ ಬೆನ್ನ ಹಿಂದೆಯೇ ಹರಿಯುತ್ತಿತ್ತು.

ನನ್ನ ಮನೆಗೆ ಯಾರೂ ಕಲ್ಲೆಸೆಯಲಿಲ್ಲ.
ಹಾಲಿನವಳು ಓಣಿ ಬದಲಿಸಿದಳು, ಅಷ್ಟೆ.
ಹಡಪದ ಮುದಿಯಪ್ಪ ಕತ್ತಿಯನ್ನು ಬೆಳಕಿಗೆ ಹಿಡಿದು
‘ಇವತ್ತ ಮೊಂಡ ಆಗೇತ್ರಿ’ ಅಂದ.
ನಾಳೆಯೂ ಅಂದ.
ಇಪ್ಪತ್ತು ದಿನದ ಗಡ್ಡದಲ್ಲಿ
ಸಾವು ಆದ ಮನೆಯವನಂತೆ ಕಚೇರಿಗೆ ಹೋದೆ.
ಅಂಬಕ್ಕ ಒಂದು ಮಾತೂ ಕೇಳಲಿಲ್ಲ,
ಪತ್ರಿಕೆಯನ್ನು ಮಾತ್ರ ಒಲೆಗೆ ಹಾಕದೆ
ಉಪ್ಪಿನ ಭರಣಿಯ ಕೆಳಗೆ ಇಟ್ಟಳು.

ಆದರೆ ಅವರಿಗೆ ಗೊತ್ತಿದ್ದದ್ದು ಅರ್ಧ.
ಕಾಗದದ ಕೊನೆಗೆ ಒಂದು ಸಾಲು ಇರುತ್ತದೆ, ಕಾಯ್ದೆ:
ಓದಿ ಹೇಳಲಾಗಿ ಸರಿ ಎಂದು ಒಪ್ಪಿದಳು.
ಅದನ್ನು ಓದಿ ಹೇಳಿದವನೂ ನಾನೇ.
ಇಂಗ್ಲಿಷಿನ ಮೇಲೆ ಬೆರಳಿಟ್ಟು
ಅವಳದೇ ಮಾತು ಓದಿದೆ, ಜೋಮು ಸಹಿತ,
ಕಾಗದದಲ್ಲಿ ಇಲ್ಲದ್ದನ್ನೆಲ್ಲ ತಪ್ಪದೆ.
‘ಹೌದ್ರೀ, ಹಂಗ ಅಂದೇನಿ’ ಎಂದು
ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡಳು.

ನಿನ್ನೆ ಸಂಜೆ ಬಂದಿದ್ದಳು.
ಕೂಗಲಿಲ್ಲ. ಕಟ್ಟೆ ಹತ್ತಲಿಲ್ಲ.
ಅದೇ ಸೆರಗು, ಕಲೆ ಹೋಗಿರಲಿಲ್ಲ.
‘ಅವತ್ತ ಓದಿದ್ರೆಲಾ,
ಇನ್ನೊಮ್ಮೆ ಓದಿ ಹೇಳ್ರಿ’ ಅಂದಳು.