ಹದಿಮೂರನೆಯ ಮನೆ

ಡ್ರೈವರ್ ಅಂದರೆ ಬಾದಾಮಿ ಬಸ್ಸಿನವನಲ್ಲ.
ಯಂತ್ರದ ಒಳಗೆ ಕೂತು
ರೇಡಿಯೋ ಕಾರ್ಡಿನ ಕಿವಿ ಹಿಂಡುವವನು;
ಮುಖವಿಲ್ಲ, ಪಗಾರವಿಲ್ಲ, ಖಾಕಿಯೂ ಇಲ್ಲ.

ಗುಳೇದಗುಡ್ಡದ ನನ್ನ ಅಂಗಡಿಗೆ
ನೀಲಗಂಗಾ ಶೀಪ್ರಿ ಹೊತ್ತು ತಂದಳು
ಅಮೆರಿಕದಲ್ಲಿ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು.
ಅದರಲ್ಲಿ ಖಣದ ನಕ್ಷೆ ಬರೆಯುತ್ತಾಳೆ,
ಆನೆಹೆಜ್ಜೆ, ತುಳಸಿ ಎಲೆ, ಚುಕ್ಕಿಗೆ ಚುಕ್ಕಿ.
"ನಮ್ಮ ಮಾಳಗಿ ಮ್ಯಾಲಿನ ವೈಫೈ
ಮೊಬೈಲಿಗೆ ಕಾಣತೈತಿ, ಇದಕ್ಕ ಕಾಣಂಗಿಲ್ಲ.
ಕಣ್ಣ ಹೋಗ್ಯಾವೇನ್ರಿ ಇದರವು?"

ಕಣ್ಣಲ್ಲವ್ವ, ಓಣಿ.
ಗಾಳಿಯಲ್ಲೊಂದು ಓಣಿಯಿದೆ, ಮನೆಮನೆಗೆ ನಂಬರು.
ನಮ್ಮಲ್ಲಿ ಹದಿಮೂರು ಮನೆ.
ಇದರ ತವರಿನಲ್ಲಿ ಹನ್ನೊಂದಕ್ಕೇ ಗೋಡೆ.
ನಿನ್ನ ರೂಟರು ಗದ್ದಲ ತಪ್ಪಿಸಿಕೊಂಡು
ಕೊನೆಯ ಮನೆಯ ಕಟ್ಟೆಯಲ್ಲಿ ಕೂತು ಕೂಗುತ್ತಿದೆ;
ಇದು ಗೋಡೆಗೆ ಮೂಗು ಹಚ್ಚಿ ಅನ್ನುತ್ತದೆ:
ಆಚೆ ಯಾರೂ ಇಲ್ಲ.

ಡ್ರೈವರನಿಗೆ ತಿಳಿಸಿ ಹೇಳಿದೆ:
ಈಗ ನೀ ಭಾರತದಾಗ ಅದೀಯೋ ಮಾರಾಯ.
ಹೂಂ ಅಂದ.
ಎರಡೂ ದೇಶದ ಕಾಯ್ದೆ ಮುಂದಿಟ್ಟುಕೊಂಡ,
ಎರಡೂ ಒಪ್ಪಿದ್ದಷ್ಟನ್ನೇ ಉಳಿಸಿ
ಮಿಕ್ಕಿದ್ದಕ್ಕೆಲ್ಲ ಗೀಟು ಎಳೆದ.
ತವರಿನ ಮಡಿಯನ್ನೂ ಬಿಡದೆ
ಅತ್ತೆಯ ಮಡಿಯನ್ನೂ ಮೀರದೆ
ಕಡೆಗೆ ಬರೀ ರೊಟ್ಟಿ, ಉಪ್ಪು ಉಂಡೆದ್ದ ಸೊಸೆಯ ಹಾಗೆ.

ಊರೇ ಗೊತ್ತಿಲ್ಲದ ಕಾರ್ಡುಗಳೂ ಉಂಟು.
ಯಾವ ದೇಶ ಅಂದರೆ, ಸೊನ್ನೆ ಸೊನ್ನೆ.
ಇಡೀ ಜಗತ್ತಿನವು,
ಅದಕ್ಕೇ ಎಲ್ಲಿಯೂ ಗಟ್ಟಿ ದನಿ ತೆಗೆಯುವಂತಿಲ್ಲ.
ಸಂಶಯದ ಮನೆಗಳ ಮುಂದೆ ಸುಮ್ಮನೆ ನಿಲ್ಲುತ್ತವೆ,
ಒಳಗಿನವರು ಮಾತಾಡಿದರೆ ಆಮೇಲೆ ಬಾಯಿ.
ವಿಶ್ವಮಾನವರೆಂದು ಮೈಕು ಹಿಡಿದವರನ್ನು ಕಂಡಿದ್ದೇನೆ;
ಇಷ್ಟು ಮೆತ್ತಗೆ ಮಾತಾಡಿದವರನ್ನು ಕಂಡಿಲ್ಲ.

ಮೇಲಿನ ಓಣಿಯದು ಇನ್ನೂ ಕಟ್ಟುನಿಟ್ಟು.
ಅಲ್ಲಿ ಕೆಲವು ಮನೆ ಹೊಕ್ಕರೆ ಮೊದಲು
ಒಂದು ನಿಮಿಷ ಬರೀ ಕಿವಿ.
ಮೋಡ ಹುಡುಕುವ ರಡಾರು ಎಲ್ಲಾದರೂ ಮಿಡಿಯಿತೋ,
ಚಾಪೆ ಸುತ್ತಿಕೊಂಡು ಎದ್ದುಬಿಡಬೇಕು.
ಅದೇ ಮೋಡಕ್ಕಾಗಿ ಅಲ್ಲವೇ
ಮಲಪ್ರಭೆಯ ದಂಡೆಯವರು ತಲೆ ಎತ್ತಿ ಕೂತದ್ದು.

ಗೋಡೆ ಒಡೆಯುವುದು ನನಗೆ ಗೊತ್ತು.
ಡ್ರೈವರನ ಎರಡು ಸಾಲು ಅಳಿಸಿ ಮತ್ತೆ ಕಟ್ಟಿದರಾಯಿತು.
ಕೈ ಕೀಲಿಮಣೆಯ ಮೇಲಿತ್ತು,
ಸ್ವಲ್ಪ ಜಂಬವೂ ಇತ್ತು.
ನೀಲಗಂಗಾ ಕೇಳಿದಳು:
"ಅದು ಇಲ್ಲಿಗೆ ಬರಲಿಕ್ಕಿಲ್ಲಂದ್ರ
ನಾವ ಮನಿ ಬದಲಿ ಮಾಡಿದ್ರ ಆಗೂದಿಲ್ಲೇನ್ರಿ?"

ಮಾಳಿಗೆ ಹತ್ತಿದೆವು.
ಒಣಹಾಕಿದ ನೂಲಿನ ಲಡಿ ಸರಿಸಿ
ಹದಿಮೂರು ಅಳಿಸಿ ಆರು ಒತ್ತಿದೆ.
ಬೆರಳಿಗೆ ಕೆಂಪು ಬಣ್ಣ ಹತ್ತಿತು.
ಆರರಲ್ಲಿ ಔಷಧಿ ಅಂಗಡಿ, ಸಹಕಾರಿ ಬ್ಯಾಂಕು, ಟ್ಯೂಷನ್ ಹುಡುಗರು,
ಎಲ್ಲರೂ ಒಟ್ಟಿಗೆ ವಟಗುಟ್ಟುತ್ತಿದ್ದರು.
ಆ ಸಂತೆಯೊಳಗೆ ದಾರಿ ಮಾಡಿಕೊಂಡು
ಹೊರಟಿತು ಆನೆ,
ಒಂದು ಹೆಜ್ಜೆ,
ನಿಂತು,
ಇನ್ನೊಂದು.